ಮಗಳಿಗೆ ಮೈಕ್ರೋಸ್ಕೋಪ್ ತಂದೆ, ಈರುಳ್ಳಿ ಸಿಪ್ಪೆಯೂ ಕಾಣ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಶಿಡ್ಲಘಟ್ಟ ರೇಷ್ಮೆಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳು ಸಾಕುತ್ತೇವೆ. ಮಗಳು ಈ ವರ್ಷ 9ನೇ ಕ್ಲಾಸು. ಜೀವಕೋಶದ ಪಾಠ ಶುರುವಾದಾಗಿನಿಂದ ಅವಳಿಗೆ ಒಂದೇ ಹಟ. ಈರುಳ್ಳಿ ಸಿಪ್ಪೆಯಲ್ಲಿ ಇಟ್ಟಿಗೆ ಗೋಡೆ ಹಾಗೆ ಕೋಶಗಳು ಕಾಣುತ್ತವಂತೆ, ನಾನೂ ನೋಡಬೇಕು ಅಂತ. ಅವಳ ಕ್ಲಾಸಿನಲ್ಲಿ ಅರವತ್ತು ಮಕ್ಕಳು, ಮೈಕ್ರೋಸ್ಕೋಪ್ ಒಂದೇ. "ಅಪ್ಪಾ, ನಾನು ಬಗ್ಗಿ ಕಣ್ಣಿಡೋದ್ರೊಳಗೆ ಹಿಂದಿನವಳು ನೂಕಿದಳು" ಅಂದಳು. ಆವತ್ತು ಅವಳ ಮುಖ ನೋಡಕ್ಕಾಗಲಿಲ್ಲ.

ಹೋದ ಬೆಳೆಯ ಗೂಡು ಮಾರಿದ ದುಡ್ಡಲ್ಲಿ ಆನ್‌ಲೈನಿನಲ್ಲಿ ಒಂದು ತರಿಸಿದೆ. ಡಬ್ಬದ ಮೇಲೆ 1200 ಪಟ್ಟು ಅಂತ ದೊಡ್ಡದಾಗಿ ಬರೆದಿದ್ದಾರೆ. ಪೂರ್ತಿ ಪ್ಲಾಸ್ಟಿಕ್, ಕೆಳಗೊಂದು ಸಣ್ಣ ಬಲ್ಬು. ನಾಲ್ಕು ದಿನದಿಂದ ರಾತ್ರಿ ಹುಳುಗಳಿಗೆ ಸೊಪ್ಪು ಹಾಕಿ ಬಂದು ಅಪ್ಪ ಮಗಳು ಅದರ ಮುಂದೆ ಕೂರುತ್ತೇವೆ. ಈರುಳ್ಳಿ ಇಟ್ಟರೆ ಬರೀ ಬಿಳಿ ಬೆಳಕು. 1200ಕ್ಕೆ ತಿರುಗಿಸಿದರೆ ಮಂಜು ಮುಸುಕಿದ ಹಾಗೆ. ಒಮ್ಮೆ ಕಪ್ಪು ಅಂಚಿನ ದುಂಡು ದುಂಡು ಕಂಡವು. ಕೋಶ ಸಿಕ್ಕಿತು ಅಂತ ಅವಳು ಕುಣಿದಳು. ಅದು ಗಾಳಿಗುಳ್ಳೆ ಅಂತ ಮಾರನೇ ದಿನ ಅವರ ಮೇಡಂ ಹೇಳಿದರಂತೆ.

ಇನ್ನೊಂದು ವಿಷಯ ಇದೆ. ನಮ್ಮಪ್ಪನ ಕಾಲದಲ್ಲಿ ಒಂದು ಬೆಳೆ ರೇಷ್ಮೆ ಹುಳುವಿನ ಗಂಟು ರೋಗಕ್ಕೆ ಹೋಯಿತು. ನಾಲ್ಕನೇ ಜ್ವರಕ್ಕೆ, ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ, ಅರ್ಧ ಹುಳು ಕೂತವು, ಅರ್ಧ ಕೂರಲಿಲ್ಲ. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. ತಟ್ಟೆ ಸಮೇತ ಎತ್ತಿ ಸುಟ್ಟರು. ಆಗ ನಾನು ಮಗಳಿಗಿಂತ ಚಿಕ್ಕವನು. ಆ ಕಥೆ ಕೇಳಿ ಇವಳು "ಆ ರೋಗ ಮೈಕ್ರೋಸ್ಕೋಪಿನಲ್ಲಿ ಕಾಣುತ್ತಾ ಅಪ್ಪಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ.

ನಮ್ಮ ಕೈಯಲ್ಲಿ ತಪ್ಪಿದೆಯಾ, ಯಂತ್ರದಲ್ಲಾ? ಬೇರೆ ತಗೋಬೇಕು ಅಂದರೆ ಏನು ನೋಡಿ ತಗೋಬೇಕು? ತಿಳಿದವರು ದಯವಿಟ್ಟು ಹೇಳಿ.

ಮುಳಬಾಗಿಲು ವಿಜ್ಞಾನ ಮೇಷ್ಟ್ರು ಉತ್ತರ:

ಅಣ್ಣ, ಮೊದಲು ಆ 1200ರ ಮಾತು ಬಿಡಿ. ಡಬ್ಬದ ಮೇಲೆ ಎಷ್ಟು ಬೇಕಾದರೂ ಬರೆಯಬಹುದು. ಫೋನಿನಲ್ಲಿ ಮಸುಕಾದ ಫೋಟೋ ಎಳೆದು ದೊಡ್ಡದು ಮಾಡಿದರೆ ಏನಾಗುತ್ತೆ? ಮಸುಕೇ ದೊಡ್ಡದಾಗುತ್ತೆ, ಅಲ್ವಾ? ಇದೂ ಹಾಗೇ. ಎರಡು ಚುಕ್ಕೆ ಪಕ್ಕಪಕ್ಕ ಇದ್ದರೆ ಎರಡಾಗಿ ಕಾಣಬೇಕು, ಒಂದಾಗಿ ಅಂಟಿಕೊಂಡು ಕಾಣಬಾರದು. ಲೆನ್ಸಿನ ಬೆಲೆ ಇರೋದು ಅದರಲ್ಲಿ. ಎಷ್ಟೇ ಒಳ್ಳೆ ಲೆನ್ಸಾದರೂ ಬೆಳಕಿನಿಂದ ನೋಡುವಾಗ ಅದಕ್ಕೊಂದು ಎಲ್ಲೆ ಇದೆ ಅಂತ ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲೇ ತೋರಿಸಿದರು. ಹೆಚ್ಚುಕಡಿಮೆ 0.2 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಈರುಳ್ಳಿ ಕೋಶಕ್ಕೆ ಇದ್ಯಾವುದೂ ಬೇಕಾಗಿಲ್ಲ. ಅದು ಕಾಲು ಮಿಲಿಮೀಟರ್ ಆಸುಪಾಸು ಉದ್ದ ಇರುತ್ತೆ, 100 ಪಟ್ಟು ಧಾರಾಳ ಸಾಕು. ನಿಮ್ಮ ಆಟಿಕೆಯಲ್ಲೂ ಎಲ್ಲಕ್ಕಿಂತ ಕಡಿಮೆ ನಂಬರಿಟ್ಟು ನೋಡಿ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಒಂದೇ ಒಂದು ಪುಟ್ಟ ಲೆನ್ಸಿನಲ್ಲಿ, 1670ರ ದಶಕದಲ್ಲೇ, ಬ್ಯಾಕ್ಟೀರಿಯಾ ನೋಡಿದ. ಅವನ ಲೆನ್ಸುಗಳಲ್ಲಿ ಉಳಿದಿರುವುದರಲ್ಲಿ ಒಳ್ಳೆಯದು ಸುಮಾರು 270 ಪಟ್ಟು ಅಷ್ಟೇ.

ಮಗಳಿಗೆ ಒಂದು ಕೆಲಸ ಕೊಡಿ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಲೆನ್ಸಿನ ಕೆಳಗಿಟ್ಟು, ಕಾಣುವ ವೃತ್ತದ ಅಗಲ ಎಷ್ಟು ಮಿಲಿಮೀಟರ್ ಅಂತ ಎಣಿಸಲಿ. ನಮ್ಮ ಶಾಲೆಯದರಲ್ಲಿ 100 ಪಟ್ಟಿಗೆ 1.8 ಮಿಲಿಮೀಟರ್ ಬರುತ್ತೆ. ಅದರಲ್ಲಿ ಉದ್ದಕ್ಕೆ ಆರು ಕೋಶ ಹಿಡಿದರೆ ಒಂದೊಂದೂ 0.3 ಮಿಲಿಮೀಟರ್. ಪುಸ್ತಕದಲ್ಲಿ ಓದಿದ ಅಳತೆಗಿಂತ ತಾನೇ ಅಳೆದದ್ದು ಮಕ್ಕಳಿಗೆ ಮರೆಯಲ್ಲ.

ಜೇಬಿನಲ್ಲಿಟ್ಟು ತೋಟಕ್ಕೆ ಒಯ್ಯೋದಕ್ಕೆ ಫೋಲ್ಡ್‌ಸ್ಕೋಪ್ ಚೆನ್ನಾಗಿದೆ. ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದು. ಕಾಗದ ಮಡಚಿ ಮಾಡಿಕೊಳ್ಳೋದು, 140 ಪಟ್ಟು. ಕೊಳದ ನೀರು, ಹೂವಿನ ಪರಾಗ, ಇರುವೆಯ ಕಾಲು ಎಲ್ಲಾ ಚೆನ್ನಾಗಿ ಕಾಣುತ್ತೆ. ಗಂಟು ರೋಗದ ವಿಷಯ ನನಗೆ ಗೊತ್ತಿಲ್ಲ, ಆ ಕೆಲಸ ಮಾಡಿದವರು ಹೇಳಲಿ.

ತಿಪಟೂರು ತೆಂಗಿನ ತೋಟ ಉತ್ತರ:

ನಮ್ಮ ಕಡೆ ತೆಂಗಿಗೆ ನುಸಿ ಬಂದಾಗ ಕಾಯಿಯ ಮೇಲೆ ಕಂದು ಬಿರುಕು ನೋಡಿ ಎಲ್ಲರೂ ಗೊಬ್ಬರ ಕಡಿಮೆ ಆಯ್ತು ಅಂದುಕೊಂಡಿದ್ದರು. ಎಳೆ ಕಾಯಿಯ ತೊಟ್ಟಿನ ಟೋಪಿ ಬಿಡಿಸಿ, ಅದರ ಒಳಗನ್ನು ಲೆನ್ಸಿನಲ್ಲಿ ನೋಡಿದ ಮೇಲೇ ನಾನು ನಂಬಿದ್ದು. ಬೆಳ್ಳಗೆ, ಉದ್ದಕ್ಕೆ, ಕಾಲು ಮಿಲಿಮೀಟರೂ ಇಲ್ಲ. ಹುಳದ ಹಾಗೆ ಮೈ, ಮುಂದೆ ಬರೀ ನಾಲ್ಕು ಕಾಲು. ಗುಂಪು ಗುಂಪಾಗಿ ಮಿಜಿಗುಟ್ಟುತ್ತಿದ್ದವು. ಇಷ್ಟು ಸಣ್ಣದು ಇಷ್ಟು ದೊಡ್ಡ ಮರದ ಫಸಲು ಕೆಡಿಸುತ್ತಲ್ಲ ಅಂತ ಹೊಟ್ಟೆಯುರಿಯಿತು. ಮಗಳಿಗೆ ಖಂಡಿತ ಒಂದು ಒಳ್ಳೇದು ಕೊಡಿಸಿ ಅಣ್ಣ, ರೈತರ ಮನೆಯಲ್ಲಿ ಅದು ದಂಡ ಅಲ್ಲ.

ಕೋಠಿ ಅಕ್ಕ ಉತ್ತರ:

ತಮ್ಮಾ, ನಿನ್ನ ಮಗಳ ಪ್ರಶ್ನೆ ಓದಿ ಸುಮ್ನೆ ಇರಕ್ಕಾಗಲಿಲ್ಲ. ಕಾಣುತ್ತೆ ಮಗಳೇ, ಗಂಟು ರೋಗ ಕಾಣುತ್ತೆ. ನಾನು ಮೂವತ್ತೊಂದು ವರ್ಷ ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಮೊಟ್ಟೆ ತಯಾರಿಸೋ ಕಡೆ, ನೋಡಿದ್ದು ಅದನ್ನೇ. ಬೆಳಿಗ್ಗೆ ಸ್ಟೂಲಿನ ಮೇಲೆ ಕೂತರೆ ಮಧ್ಯಾಹ್ನದವರೆಗೂ ಕಣ್ಣು ಮೈಕ್ರೋಸ್ಕೋಪಿನ ಮೇಲೆ.

ಕೆಲಸ ಏನು ಅಂತ ಹೇಳ್ತೀನಿ. ಚಾಕಿ ಮನೆಯಿಂದ (ಮರಿ ಹುಳು ಸಾಕಿ ಕೊಡೋ ಕಡೆಯಿಂದ) ನೀವು 100 ಮೊಟ್ಟೆ ತರ್ತೀರಲ್ಲ, ಆ ಒಂದೊಂದು ಮೊಟ್ಟೆ ಅಂದರೆ ಒಂದೊಂದು ತಾಯಿ ಚಿಟ್ಟೆ ಇಟ್ಟಿದ್ದು, ನಾನೂರು ಐನೂರು ಮರಿ. ಗಂಟು ರೋಗ ತಾಯಿಯ ಹೊಟ್ಟೆಯಿಂದ ಮೊಟ್ಟೆಗೆ ಹೋಗುತ್ತೆ. ಮೊಟ್ಟೆ ನೋಡಿದರೆ ಗೊತ್ತಾಗಲ್ಲ, ಮರಿ ನೋಡಿದರೂ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ನಿಮ್ಮಪ್ಪನ ಮನೆಯಲ್ಲಿ ಆದ ಹಾಗೆ ಬೆಳೆಯೇ ಹೋಗಿರುತ್ತೆ. ಅದಕ್ಕೆ ಮೊಟ್ಟೆ ಇಟ್ಟು ಮುಗಿಸಿದ ತಾಯಿಯನ್ನೇ ಪರೀಕ್ಷೆ ಮಾಡಬೇಕು. ಚಿಟ್ಟೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಹಾಕಿ, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರು ಬಿಟ್ಟು ಅರೆಯೋದು. ಆ ನೀರು ಕೊಬ್ಬನ್ನು ಕರಗಿಸುತ್ತೆ, ಇಲ್ಲದಿದ್ದರೆ ಕೊಬ್ಬಿನ ಹನಿಗಳು ಕಣ್ಣಿಗೆ ಮೋಸ ಮಾಡುತ್ತವೆ. ಒಂದು ಹನಿ ಸ್ಲೈಡ್ ಅನ್ನೋ ಗಾಜಿನ ಪಟ್ಟಿಯ ಮೇಲೆ, ಅದರ ಮೇಲೆ ಕವರ್ ಸ್ಲಿಪ್ ಅನ್ನೋ ತೆಳು ಗಾಜು. ಕಣ್ಣಿನ ಕಡೆಯ ಲೆನ್ಸು 15 ಪಟ್ಟು, ಕೆಳಗಿನದು 40 ಪಟ್ಟು. ಗುಣಿಸಿದರೆ 600 ಪಟ್ಟು.

ಈ ದಾರಿ ಹಾಕಿಕೊಟ್ಟವರು ಲೂಯಿ ಪಾಸ್ಚರ್. 1865ರಲ್ಲಿ ಫ್ರಾನ್ಸಿನ ಆಲೆಸ್ ಕಡೆ ರೇಷ್ಮೆ ಬೆಳೆ ಪೂರ್ತಿ ನೆಲ ಕಚ್ಚಿತ್ತು. ಅಲ್ಲಿಗೆ ಹೋಗುವ ಮುಂಚೆ ಅವರು ಒಂದು ರೇಷ್ಮೆ ಹುಳುವನ್ನೂ ಮುಟ್ಟಿದವರಲ್ಲ. ಮೊದಮೊದಲು ಮೈಕ್ರೋಸ್ಕೋಪಿನಲ್ಲಿ ಕಾಣುವ ಕಣಗಳೇ ರೋಗದ ಮೂಲ ಅಂತ ಅವರೂ ಒಪ್ಪಲಿಲ್ಲ. ವರ್ಷಗಟ್ಟಲೆ ಹುಳು ಸಾಕಿ, ನೋಡಿ ನೋಡಿ ಕೊನೆಗೆ ಒಪ್ಪಿದರು. ಒಂದೊಂದು ತಾಯಿಯ ಮೊಟ್ಟೆಯನ್ನೂ ಬೇರೆ ಇಡಿ, ತಾಯಿಯನ್ನು ನೋಡಿ, ಕಣ ಕಂಡರೆ ಆ ಮೊಟ್ಟೆ ಸುಡಿ ಅಂದರು. 1870ರಲ್ಲಿ ಅದೆಲ್ಲ ಪುಸ್ತಕವಾಗಿ ಬಂತು. ಈಗ ಮೊಟ್ಟೆ ಜಾಸ್ತಿ, ಹಲವು ಚಿಟ್ಟೆ ಒಟ್ಟಿಗೆ ಅರೆದು ನೋಡುವ ವಿಧಾನಗಳೂ ಬಂದಿವೆ. ಆದರೆ ಬುಡ ಅದೇ. ನಿಮ್ಮ ಮನೆ ಹುಳುವಿಗೂ ಆ ಮನುಷ್ಯನಿಗೂ ಇಷ್ಟು ಹತ್ತಿರದ ನಂಟಿದೆ, ಮಗಳಿಗೆ ಇದನ್ನು ಹೇಳು.

ಈಗ ನನ್ನ ಮೊದಲ ವಾರದ ಕಥೆ. ನನಗೂ ಏನೂ ಕಾಣಲಿಲ್ಲ, ತಮ್ಮಾ. ಪಕ್ಕದ ಸ್ಟೂಲಿನ ದೊಡ್ಡಮ್ಮ ಒಂದು ಸ್ಲೈಡು ಕೊಟ್ಟು "ಇದರಲ್ಲಿ ಇದೆ, ಹುಡುಕು" ಅಂದರು. ನಾನು ಗಾಳಿಗುಳ್ಳೆ ತೋರಿಸಿದೆ. ಅಲ್ಲ ಅಂದರು. ಕೊಬ್ಬಿನ ಹನಿ ತೋರಿಸಿದೆ. ಅಲ್ಲ ಅಂದರು. ರೆಕ್ಕೆಯ ಪುಡಿ ತೋರಿಸಿದೆ. ಆಮೇಲೆ ಅವರು ಬಂದು ಲೆನ್ಸು ಮುಟ್ಟಲಿಲ್ಲ. ವೇದಿಕೆಯ ಕೆಳಗಿನ ಸಣ್ಣ ಕಡ್ಡಿ ಸರಿಸಿ ಬೆಳಕು ಕಡಿಮೆ ಮಾಡಿದರು, ಅಷ್ಟೇ. ಆಗ ಕಂಡವು ಗಂಟು ರೋಗದ ಕಣಗಳು. ಮೊಟ್ಟೆಯಾಕಾರ, ಎಲ್ಲಾ ಒಂದೇ ಅಳತೆ, ಒಳಗಿನಿಂದ ದೀಪ ಹಚ್ಚಿದ ಹಾಗೆ ಹೊಳಪು. ಉದ್ದ ಮೂರೋ ನಾಲ್ಕೋ ಮೈಕ್ರಾನ್. ಇದ್ದಲ್ಲೇ ಸಣ್ಣಗೆ ನಡುಗುತ್ತಿದ್ದವು. ಜೀವ ಇದೆ ಅಂತ ನಾನು ಹೆದರಿದೆ. ಅದು ಜೀವದ ಓಡಾಟ ಅಲ್ಲ, ನೀರಿನ ಕಣಗಳು ಗುದ್ದೋದರಿಂದ ಆಗೋ ನಡುಕ. ರಾಬರ್ಟ್ ಬ್ರೌನ್ 1827ರಲ್ಲಿ ನೋಡಿದ್ದು ಅದೇ. ಗಾಳಿಗುಳ್ಳೆಗೆ ದಪ್ಪ ಕಪ್ಪು ಅಂಚಿರುತ್ತೆ. ಕೊಬ್ಬು ದುಂಡಗೆ, ಒಂದು ದೊಡ್ಡದು ಒಂದು ಸಣ್ಣದು. ಹಾಲುತೊಂಡೆ ಅಂತ ಹುಳುವಿಗೆ ಬರೋ ಇನ್ನೊಂದು ರೋಗದ ಹರಳುಗಳಿಗೆ ಮೂಲೆ ಇರುತ್ತೆ. ಅದರೊಳಗಿನ ವೈರಸ್ ಮಾತ್ರ ಈ ಯಂತ್ರಕ್ಕೆ ಸಿಗಲ್ಲ. ಕಣ್ಣು ಪಳಗೋದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು.

ನಿಮ್ಮ ಈರುಳ್ಳಿಗೂ ಅದೇ ಆಗಿದೆ. ಅದು ಗಾಜಿನ ಹಾಗೆ ಪಾರದರ್ಶಕ. ಕೆಳಗಿನಿಂದ ಜೋರು ಬೆಳಕು ಬಂದರೆ ಅದರಲ್ಲಿ ಕೊಚ್ಚಿ ಹೋಗುತ್ತೆ. ಎಲ್ಲರೂ ಬೆಳಕು ಹೆಚ್ಚಿಸಿ ಹೆಚ್ಚಿಸಿ ನೋಡ್ತಾರೆ. ತಗ್ಗಿಸಬೇಕು. ನಿಮ್ಮ ಬಲ್ಬಿನ ಮೇಲೆ ಬಿಳಿ ಕಾಗದದ ಒಂದು ಚೂರು ಇಡಿ. ಈರುಳ್ಳಿ ಹೊರಸಿಪ್ಪೆ ಬೇಡ. ಒಳಗಿನ ದಪ್ಪ ಎಸಳು ತಗೊಂಡು, ಅದರ ಒಳಬದಿ ಮೇಲಿರೋ ಹಾಗೆ ಮುರಿಯಿರಿ. ಮುರಿದಲ್ಲಿ ಹಾಲಿನ ಮೇಲಿನ ಕೆನೆಯಷ್ಟು ತೆಳ್ಳಗೆ ಒಂದು ಪೊರೆ ಏಳುತ್ತೆ. ಅದನ್ನು ಚಿಮಟದಲ್ಲಿ ಎಳೆದು, ಬೆರಳಿನ ಉಗುರಿಗಿಂತ ಸಣ್ಣ ತುಂಡು ಕತ್ತರಿಸಿ. ಒಣಗಲು ಬಿಡಬೇಡಿ, ತಕ್ಷಣ ನೀರಿನ ಹನಿಗೆ ಹಾಕಿ. ಮಡಚಿಕೊಂಡರೆ ಸೂಜಿಯಿಂದ ಬಿಡಿಸಿ. ಟಿಂಚರ್ ಅಯೋಡಿನ್‌ಗೆ ನೀರು ಬೆರೆಸಿ ಒಂದು ಹನಿ ಬಿಟ್ಟರೆ ಕೋಶಕೇಂದ್ರ ಹಳದಿ ಕಂದಾಗಿ ಎದ್ದು ಕಾಣುತ್ತೆ. ಕವರ್ ಸ್ಲಿಪ್ಪನ್ನು ದೊಪ್ಪನೆ ಬೀಳಿಸಬೇಡಿ. ಒಂದು ಅಂಚು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಒರಗಿಸಿ ನಿಧಾನಕ್ಕೆ ಇಳಿಸಿ. ಗಾಳಿಗುಳ್ಳೆ ಬರೋದು ಅಲ್ಲೇ.

ಆಮೇಲೆ ಕಣ್ಣಿಟ್ಟುಕೊಂಡೇ ಲೆನ್ಸು ಇಳಿಸಬಾರದು, ಸ್ಲೈಡು ಚೂರಾಗುತ್ತೆ. ಪಕ್ಕದಿಂದ ನೋಡುತ್ತಾ ಹತ್ತಿರ ತಂದು, ನಂತರ ಕಣ್ಣಿಟ್ಟು ದೂರ ಸರಿಸುತ್ತಾ ಬನ್ನಿ. ಇನ್ನೊಂದು ಕಣ್ಣು ಮುಚ್ಚಬೇಡಿ. ಎರಡೂ ತೆರೆದೇ ನೋಡೋದು ರೂಢಿ ಮಾಡಿಕೊಂಡರೆ ತಲೆನೋವು ಬರಲ್ಲ. ಮೂವತ್ತೊಂದು ವರ್ಷ ನೋಡಿಯೂ ನನ್ನ ಕಣ್ಣು ಉಳಿದಿದ್ದು ಹಾಗೆ.

ಹೊಸದು ತಗೊಳ್ಳೋದಾದರೆ ಲೋಹದ ಮೈ, ಗಾಜಿನ ಲೆನ್ಸು, ಕೆಳಗಿನವು 10 ಮತ್ತು 40 ಪಟ್ಟಿನವು, ಬೆಳಕು ಹಿಗ್ಗಿಸಿ ಕುಗ್ಗಿಸುವ ಕಡ್ಡಿ. ಇಷ್ಟಿದ್ದರೆ ಸಾಕು. ಹರಿಯಾಣದ ಅಂಬಾಲದಲ್ಲಿ ತಯಾರಾದ ವಿದ್ಯಾರ್ಥಿಗಳ ಮೈಕ್ರೋಸ್ಕೋಪು ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತೆ. ಅಂಗಡಿಯಲ್ಲೇ ಒಂದು ಸ್ಲೈಡು ಇಟ್ಟು ನೋಡಿ ತಗೊಳ್ಳಿ. ಗುಂಡಿ ತಿರುಗಿಸಿ ಕೈ ಬಿಟ್ಟ ಮೇಲೆ ತಾನಾಗಿ ಜಾರಿದರೆ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ರೋಗ ಇದೆ ಅನ್ನಿಸಿದ ಹುಳುವನ್ನು ಸಾಕುವ ಮನೆಯೊಳಗೆ ಅರೆಯಬೇಡಿ. ಆ ಕಣಗಳು ಬಹಳ ಗಟ್ಟಿ, ಧೂಳಲ್ಲಿ ಸೇರಿ ಮುಂದಿನ ಬೆಳೆಗೆ ಕಾದು ಕೂರುತ್ತವೆ. ಅನುಮಾನ ಬಂದರೆ ಹುಳುವನ್ನು ಡಬ್ಬಿಯಲ್ಲಿ ಹಾಕಿ ರೇಷ್ಮೆ ಇಲಾಖೆಯವರ ಹತ್ತಿರ ಒಯ್ಯಿರಿ. ಮಗಳು ನೋಡೋದಕ್ಕೆ ಬೇರೆ ಬೇಕಾದಷ್ಟಿದೆ. ನಿಮ್ಮದೇ ಗೂಡಿನ ನೂಲು ಒಂದು ಎಳೆ ಇಟ್ಟು ನೋಡಲಿ. ಏನು ಕಂಡಿತು ಅಂತ ನಾನು ಹೇಳಲ್ಲ, ಅವಳೇ ಹೇಳಲಿ.

ಕೋಲಾರ ಲ್ಯಾಬ್ ಉತ್ತರ:

ಅಕ್ಕ ಹೇಳಿದ್ದೆಲ್ಲ ಸರಿ. ನಾನು ರಕ್ತ ಪರೀಕ್ಷೆ ಮಾಡುವವನು. ಒಂದೇ ಸೇರಿಸ್ತೀನಿ. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತೆ, ಜೇಡರ ಬಲೆ ಹಾಗೆ. ಒಮ್ಮೆ ಬೇರು ಬಿಟ್ಟರೆ ಗಾಜನ್ನೇ ತಿನ್ನುತ್ತೆ. ಕೆಲಸ ಮುಗಿದ ಮೇಲೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಲೆನ್ಸನ್ನು ಸೀರೆ ಸೆರಗಲ್ಲೋ ಟವೆಲಲ್ಲೋ ಒರೆಸಬೇಡಿ, ಲೆನ್ಸಿನ ಕಾಗದವೇ ಬೇಕು. ಕನ್ನಡಿ ಇರುವ ಯಂತ್ರ ತಗೊಂಡರೆ ಬಿಸಿಲನ್ನು ನೇರ ಕನ್ನಡಿಗೆ ಹಿಡಿಯಲೇಬಾರದು, ಕಣ್ಣು ಹೋಗುತ್ತೆ. ಕಿಟಕಿಯ ಕಡೆಯ ಆಕಾಶದ ಬೆಳಕು ಸಾಕು.

ಶಿಡ್ಲಘಟ್ಟ ರೇಷ್ಮೆಮನೆ ಉತ್ತರ:

ಅಕ್ಕಾ, ಮೇಷ್ಟ್ರೇ, ಎಲ್ಲರಿಗೂ ಕೈ ಮುಗಿದೆ. ಹೊಸದು ಇನ್ನೂ ತಂದಿಲ್ಲ. ಬೆಳೆ ಕೊನೇ ಹಂತ, ನಿನ್ನೆಯಷ್ಟೇ ಹಣ್ಣು ಹುಳು (ಗೂಡು ಕಟ್ಟೋಕೆ ಸಿದ್ಧವಾದವು) ಆಯ್ದು, ಗೂಡು ಕಟ್ಟೋ ಚಂದ್ರಂಕಿ ತಟ್ಟೆಗೆ ಬಿಟ್ಟೆವು. ಅದೇ ಆಟಿಕೆಯಲ್ಲಿ, ಎಲ್ಲಕ್ಕಿಂತ ಕಡಿಮೆ ನಂಬರಿನಲ್ಲಿ, ಬಲ್ಬಿನ ಮೇಲೆ ನೋಟ್‌ಬುಕ್ಕಿನ ಹಾಳೆ ಇಟ್ಟು ನೋಡಿದೆವು. ಪೊರೆ ಎಳೆಯೋದು ಮೂರನೇ ಸಲಕ್ಕೆ ಬಂತು. ಇಟ್ಟಿಗೆ ಗೋಡೆ ಬಂತು ಅಕ್ಕಾ! ಅಂಚು ಸ್ವಲ್ಪ ಬಣ್ಣ ಬಣ್ಣ, ಆದರೂ ಗೋಡೆ ಗೋಡೆಯೇ. ಅಯೋಡಿನ್ ಬಿಟ್ಟ ಮೇಲೆ ಒಂದೊಂದು ಇಟ್ಟಿಗೆಯಲ್ಲೂ ಒಂದು ಬೊಟ್ಟು. ಅವಳು ಅಮ್ಮನನ್ನು ಕರೆದಳು, ಅಜ್ಜಿಯನ್ನು ಕರೆದಳು, ಪಕ್ಕದ ಮನೆಯವರನ್ನೂ ಕರೆದಳು. ನಮ್ಮಮ್ಮ ಬಹಳ ಹೊತ್ತು ನೋಡಿ, "ಇಷ್ಟು ದಿನ ಇದನ್ನೇ ಹೆಚ್ಚಿ ಸಾರಿಗೆ ಹಾಕ್ತಿದ್ದೆನಾ" ಅಂದರು. ಸ್ಕೇಲ್ ಇಟ್ಟು ಅಳತೆಯೂ ಆಯಿತು ಮೇಷ್ಟ್ರೇ, ಅವಳ ಲೆಕ್ಕದಲ್ಲಿ ಒಂದು ಕೋಶ 0.28 ಮಿಲಿಮೀಟರ್.

ಗೂಡಿನ ಎಳೆಯೂ ಇಟ್ಟಳು. ಮೊದಲು ಒಂದೇ ದಾರ ಅಂದುಕೊಂಡಳು. ಆಮೇಲೆ "ಅಪ್ಪಾ, ನಡುವೆ ಗೆರೆ ಇದೆ, ಇದು ಎರಡು ದಾರ ಅಂಟಿಕೊಂಡಿದೆ" ಅಂದಳು. ನಾನೂ ನೋಡಿದೆ. ನಲವತ್ತು ವರ್ಷದಿಂದ ಇದೇ ಗೂಡಿನ ನಡುವೆ ಬದುಕಿದ್ದೀನಿ, ಇದು ಎರಡೆಳೆ ಅಂತ ಗೊತ್ತಿರಲಿಲ್ಲ. ಹುಳುವಿಗೆ ಬಾಯಿ ಒಂದೇ, ದಾರ ಯಾಕೆ ಎರಡು ಅಂತ ಕೇಳ್ತಿದ್ದಾಳೆ.

ಕೋಠಿ ಅಕ್ಕ ಉತ್ತರ:

ಜಾಣೆ! ಹುಳುವಿನ ಮೈಯಲ್ಲಿ ಎಡಕ್ಕೊಂದು ಬಲಕ್ಕೊಂದು ರೇಷ್ಮೆ ಗ್ರಂಥಿ ಇದೆ ಮಗಳೇ. ಹಣ್ಣಾದ ಹುಳು ಕೈಗೆತ್ತಿಕೊಂಡಾಗ ಮೈ ಪಾರದರ್ಶಕ ಆಗಿರುತ್ತಲ್ಲ, ಒಳಗೆ ತುಂಬಿಕೊಂಡಿರೋದು ಅದೇ. ಎರಡೂ ಕಡೆಯಿಂದ ಒಂದೊಂದು ಎಳೆ ಬಂದು ಬಾಯಿಯ ಕೆಳಗಿನ ಸಣ್ಣ ತೂತಿನಲ್ಲಿ ಸೇರುತ್ತೆ. ಅಂಟಿನ ಹಾಗಿರೋ ಸೆರಿಸಿನ್ ಎರಡನ್ನೂ ಸುತ್ತಿ ಒಂದು ಮಾಡುತ್ತೆ. ನೂಲಿನ ತೂಕದಲ್ಲಿ ಕಾಲು ಭಾಗ ಆ ಅಂಟೇ.

ಇನ್ನೊಂದು ಮಾಡು. ಅದೇ ಗೂಡಿನ ಚೂರನ್ನು ಸೋಪಿನ ನೀರಲ್ಲಿ ಅರ್ಧ ಗಂಟೆ ಕುದಿಸು, ಅಮ್ಮನ ಹತ್ತಿರ ಇದ್ದುಕೊಂಡು. ತೊಳೆದು, ಒಂದು ಎಳೆ ಬಿಡಿಸಿ ಮತ್ತೆ ನೋಡು. ಅಂಟು ಹೋಗಿ ಎರಡೂ ಬೇರೆ ಬೇರೆ ಬಿದ್ದಿರುತ್ತವೆ. ಪೆನ್ಸಿಲಿನಲ್ಲಿ ಎರಡರ ಚಿತ್ರವನ್ನೂ ಬರೆ. ಕುದಿಸುವ ಮುಂಚಿನದು ಎಡಕ್ಕೆ, ಆಮೇಲಿನದು ಬಲಕ್ಕೆ. ಅಪ್ಪನ ಹತ್ತಿರ ಫೋಟೋ ತೆಗೆಸಿ ಇಲ್ಲಿ ಹಾಕಿಸು, ನಾನು ಕಾಯ್ತಿರ್ತೀನಿ.